ಬಟ್ಟಿ ನೀರಿನ ಗಿಡ

ನಮ್ಮ ಅತ್ತೆ ಮೂವತ್ತೊಂದು ವರ್ಷ ಗಾಜಿನ ಟ್ಯೂಬು ತೊಳೆದರು. ಇಷ್ಟು ಹೇಳಿ ಸುಮ್ಮನಾದರೆ ಅವರ ಬದುಕು ಒಂದೇ ಸಾಲಿಗೆ ಮುಗಿದುಹೋಗುತ್ತದೆ. ನಮ್ಮ ಮನೆಯವರು, ನನ್ನನ್ನೂ ಸೇರಿಸಿ, ಬಹಳ ಕಾಲ ಹಾಗೆಯೇ ಮುಗಿಸಿದ್ದೆವು. ಆ ಬಗ್ಗೆ ನನಗೆ ಸಿಟ್ಟಿದೆ, ನಾಚಿಕೆಯೂ ಇದೆ. ಎರಡೂ ನಡುನಡುವೆ ಇಣುಕಿದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ "ಪುರುಸೊತ್ತು ಸಿಗ್ಲಿಲ್ಲ" ಎನ್ನುತ್ತಿದ್ದರು. ಕೇಳಿದವರು ನಗುತ್ತಿದ್ದರು, ಆದರೆ ಅದು ನಿಜವಾದ ಮಾತು. ತಾತ ಬೇಗ ಹೋದರು, ಅಜ್ಜಿ ಹಾಸಿಗೆ ಹಿಡಿದು ಒಂಬತ್ತು ವರ್ಷ ಮಲಗಿದರು, ಅಪ್ಪ ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಇದೆಲ್ಲ ಒಂದು ದಡ ಸೇರುವ ಹೊತ್ತಿಗೆ ಅತ್ತೆಯ ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಗಿತ್ತು.

ಅವರು ಕೆಲಸ ಮಾಡುತ್ತಿದ್ದದ್ದು ದೊಡ್ಡಾಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ. ಹಿಂಬದಿಗೆ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ. ಅದರಲ್ಲಿ ಎರಡು ಸಿಂಕು, ಒಂದು ಓವನ್, ಮೂಲೆಯಲ್ಲಿ ನೀರನ್ನು ಕುದಿಸಿ ಆವಿ ಮಾಡಿ, ಆ ಆವಿಯನ್ನು ತಣಿಸಿ ಮತ್ತೆ ನೀರು ಮಾಡುವ ಗಾಜಿನ ಯಂತ್ರ. ಬೆಳಿಗ್ಗೆ ಎಂಟಕ್ಕೆ ಹೋದರೆ ಹಿಂದಿನ ದಿನದ ಟ್ಯೂಬುಗಳು ಬ್ಲೀಚಿಂಗ್ ನೀರಿನ ಬಕೆಟ್ಟಿನಲ್ಲಿ ಕಾದಿರುತ್ತಿದ್ದವು. ಅವನ್ನು ಸೋಪಿನ ನೀರಿನಲ್ಲಿ ನೆನೆಸಿ, ಒಂದೊಂದರೊಳಗೂ ಉದ್ದನೆಯ ಬ್ರಷ್ ತೂರಿಸಿ ತಿಕ್ಕಿ, ನಲ್ಲಿ ನೀರಿನಲ್ಲಿ ಆರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ಜಾಲಿಸಿ, ತಂತಿಯ ಬುಟ್ಟಿಯಲ್ಲಿ ತಲೆಕೆಳಗಾಗಿ ಜೋಡಿಸಿ, ಓವನ್‌ನಲ್ಲಿ ಒಣಗಿಸಬೇಕು. ದಿನಕ್ಕೆ ಐನೂರೋ ಆರುನೂರೋ. ಅಲ್ಲಿ ಅವರನ್ನು ಎಲ್ಲರೂ ಟ್ಯೂಬಕ್ಕ ಎಂದೇ ಕರೆಯುತ್ತಿದ್ದರು. ಹೆಸರಿದೆ ಎಂಬುದು ಸಂಬಳದ ದಿನ ಮಾತ್ರ ಗೊತ್ತಾಗುತ್ತಿತ್ತು.

ತೊಳೆದದ್ದು ಸರಿಯಾಗಿದೆಯೇ ಎಂದು ನೋಡಲು ಅವರಿಗೊಂದು ಉಪಾಯವಿತ್ತು. ಟ್ಯೂಬಿನ ನೀರು ಚೆಲ್ಲಿ ಬೆಳಕಿಗೆ ಹಿಡಿಯಬೇಕು. ನೀರು ಗಾಜಿನ ಮೇಲೆ ಒಂದೇ ಪದರವಾಗಿ ಜಾರಿದರೆ ಚೊಕ್ಕಟ. ಎಲ್ಲಾದರೂ ಹನಿಹನಿಯಾಗಿ ನಿಂತಿತೋ, ಅಲ್ಲಿ ಜಿಡ್ಡಿದೆ ಎಂದರ್ಥ, ಮತ್ತೆ ಮೊದಲಿನಿಂದ. ಸರಿಯಾಗಿ ತೊಳೆದ ಟ್ಯೂಬನ್ನು ಯಾರೂ ತಿರುಗಿ ನೋಡುವುದಿಲ್ಲ. ಯಾರದೋ ರಿಪೋರ್ಟು ಏರುಪೇರಾದ ದಿನ ಮಾತ್ರ "ಟ್ಯೂಬಕ್ಕಾ!" ಎಂಬ ಕೂಗು ಆ ಕೋಣೆಯವರೆಗೂ ಬರುತ್ತಿತ್ತು.

ಈ ಉಪಾಯ ಆಸ್ಪತ್ರೆಯಲ್ಲೇ ಉಳಿದಿದ್ದರೆ ನಮ್ಮ ಮನೆಯಲ್ಲಿ ನೆಮ್ಮದಿ ಇರುತ್ತಿತ್ತು. ಉಳಿಯಲಿಲ್ಲ. ಅಮ್ಮ ತೊಳೆದಿಟ್ಟ ಲೋಟವನ್ನು ಅತ್ತೆ ಎತ್ತಿಕೊಳ್ಳುವರು, ಕಿಟಕಿಯ ಕಡೆ ಹಿಡಿಯುವರು, ಒಂದು ಕ್ಷಣ ನೋಡಿ, ಏನೂ ಹೇಳದೆ ಸಿಂಕಿಗೆ ಹೋಗಿ ಇನ್ನೊಮ್ಮೆ ತೊಳೆಯುವರು. ಏನಾದರೂ ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಹೇಳದೆ ತೊಳೆಯುವವರ ಜೊತೆ ಹೇಗೆ ಜಗಳವಾಡುವುದು? ಅಮ್ಮ ಇಪ್ಪತ್ತಾರು ವರ್ಷ ಹಲ್ಲು ಕಚ್ಚಿಕೊಂಡು "ಅತ್ತಿಗೆ, ಕಾಫಿ ಇಟ್ಟಿದೀನಿ", "ಅತ್ತಿಗೆ, ಬಟ್ಟೆ ಒಣಗಿದೆ" ಎಂದು ಬಲು ಮರ್ಯಾದೆಯಿಂದ ಮಾತಾಡುತ್ತ ಬಂದಳು. ಅಷ್ಟು ಮರ್ಯಾದೆ ಇರುವ ಮನೆಯಲ್ಲಿ ಉಸಿರು ಕಟ್ಟುತ್ತದೆ. ಅಪ್ಪ ಪೇಪರಿನ ಹಿಂದೆ ಅಡಗಿ ಕೂರುವುದರಲ್ಲಿ ಎತ್ತಿದ ಕೈ.

ಆ ಗಿಡವನ್ನು ಮನೆಗೆ ತಂದದ್ದು ನಾನು. ಕಾಲೇಜಿನಿಂದ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಬಂಡೆಯ ಮೇಲೆ ನೀರು ಸದಾ ಜಿನುಗುವ ಕಡೆ, ಹಾವಸೆಯ ಮಧ್ಯೆ, ಹೊಲಿಗೆ ದಾರದಷ್ಟು ಸಣ್ಣ ತೊಟ್ಟಿನ ತುದಿಯಲ್ಲಿ ನೀಲಿ ಹೂವುಗಳು. ಒಂದೊಂದೂ ಅಂಗಿಯ ಗುಂಡಿಗಿಂತ ಚಿಕ್ಕದು. ಎಲೆ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು. ಒಂದು ಬೊಗಸೆಯಷ್ಟನ್ನು ಹಾವಸೆಯ ಸಮೇತ ಕಿತ್ತು ಸೋಪಿನ ಡಬ್ಬಿಯಲ್ಲಿ ತಂದೆ. ಎರಡು ದಿನ ಮುದ್ದು ಮಾಡಿದೆ, ಮೂರನೆಯ ದಿನ ಮರೆತೆ. ಆ ವಯಸ್ಸಿನಲ್ಲಿ ನಾನು ಏನನ್ನೂ ಮೂರು ದಿನಕ್ಕಿಂತ ಹೆಚ್ಚು ನೆನಪಿಟ್ಟುಕೊಂಡವಳಲ್ಲ.

ಅಮ್ಮ ಅದಕ್ಕೆ ಒಳ್ಳೆಯ ಮಣ್ಣು ಹಾಕಿದಳು, ಸೋಸಿ ಉಳಿದ ಚಹಾಪುಡಿ ಹಾಕಿದಳು, ಬೆಳಿಗ್ಗೆ ಸಂಜೆ ನಲ್ಲಿ ನೀರು ಕೊಟ್ಟಳು. ನಮ್ಮ ಬೀದಿಗೆ ಬರುತ್ತಿದ್ದದ್ದು ಬೋರ್‌ವೆಲ್ ನೀರು. ಪಾತ್ರೆಗಳ ತಳದಲ್ಲೆಲ್ಲ ಸುಣ್ಣದ ಹಾಗೆ ಬೆಳ್ಳಗೆ ಕಟ್ಟುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಗಿಡ ಕಂದಿ ಕೊಳೆಯಿತು. ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿದಾಗ ಅವರು ಮೊದಲು ನನ್ನನ್ನು ಕಿತ್ತು ತಂದದ್ದಕ್ಕೆ ಚೆನ್ನಾಗಿ ಬೈದು, ಆಮೇಲೆ ಹೇಳಿದರು: "ಅದಕ್ಕೆ ಗೊಬ್ಬರ ಅಂದ್ರೆ ವಿಷ. ಉಪ್ಪಿರೋ ನೀರೂ ವಿಷ. ಬಂಡೆ ಮೇಲೆ ಏನೂ ಇಲ್ದೇ ಬದುಕೋ ಗಿಡ ಅದು, ಉಪವಾಸಾನೇ ಅದಕ್ಕೆ ಊಟ. ಮಳೆ ನೀರು ಕೊಡು, ಇಲ್ಲಾಂದ್ರೆ ಬಟ್ಟಿ ಇಳಿಸಿದ ನೀರು. ಬೇರೆ ಏನೂ ಕೊಡಬೇಡ."

ಮನೆಗೆ ಬಂದು ಇದನ್ನೇ ಒಪ್ಪಿಸಿದೆ. "ಉಪವಾಸ ಇದ್ಕೊಂಡೇ ಬದುಕೋರು ನಮ್ಮನೇಲಿ ಮೊದ್ಲೇ ಒಬ್ರಿದ್ದಾರಲ್ಲ" ಎಂದು ಅಮ್ಮ ಮೆಲ್ಲಗೆ ಕುಟುಕಿದಳು. ಅತ್ತೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದರು. "ಬಟ್ಟಿ ನೀರೇ? ಅದನ್ನ ನಾನು ದಿನಾ ಸಂಜೆ ಸಿಂಕಿಗೆ ಚೆಲ್ಲಿ ಬರ್ತೀನಲ್ಲೇ" ಎಂದರು.

ಮಾರನೆಯ ದಿನದಿಂದ ಅವರ ಚೀಲದಲ್ಲಿ ಒಂದು ಬಾಟಲಿ ಬರತೊಡಗಿತು. ದಿನದ ಕೊನೆಗೆ ಆ ಯಂತ್ರದ ತೊಟ್ಟಿಯಲ್ಲಿ ಮಿಕ್ಕ ನೀರನ್ನು ಹೇಗಿದ್ದರೂ ಖಾಲಿ ಮಾಡಲೇಬೇಕು. ವಿಭಾಗದ ದೊಡ್ಡ ಡಾಕ್ಟರು "ಚೆಲ್ಲೋ ನೀರಿಗೂ ಅಪ್ಪಣೆ ಕೇಳ್ತೀಯಲ್ಲಮ್ಮ" ಎಂದು ನಕ್ಕು ಒಪ್ಪಿದ್ದರು. ಗೇಟಿನ ಕಾವಲುಗಾರ ಮಾತ್ರ ಮೊದಲ ದಿನ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದನಂತೆ. "ಏನಕ್ಕ, ಬಟ್ಟಿ ಸರಕಾ?" ಎಂದು ಕೇಳಿದನಂತೆ. ಅತ್ತೆ ಮನೆಯಲ್ಲಿ ಹೇಳಿದ ತಮಾಷೆಗಳಲ್ಲಿ ನನಗೆ ನೆನಪಿರುವುದು ಇದೊಂದೇ.

ಅವರು ಗಿಡ ನೋಡಿಕೊಂಡ ಪರಿಯೂ ಅವರ ಕೆಲಸದ ಪರಿಯೇ. ಅಮ್ಮ ಹಾಕಿದ ಮಣ್ಣನ್ನು ಚಮಚದಲ್ಲಿ ಕೆರೆದು ತೆಗೆದರು. ಒಂದು ಬಕೆಟ್ ಮರಳು ತಂದು ಅದನ್ನು ತೊಳೆದರು! ಆರು ಸಲ ನಲ್ಲಿ ನೀರಿನಲ್ಲಿ, ಎರಡು ಸಲ ಬಟ್ಟಿ ನೀರಿನಲ್ಲಿ. ಹಳೆಯ ಪ್ಲಾಸ್ಟಿಕ್ ಕುಂಡಕ್ಕೆ ಅದನ್ನು ತುಂಬಿ, ಉಳಿದಿದ್ದ ನಾಲ್ಕು ಎಳೆಗಳನ್ನು ಹಾವಸೆಯ ಜೊತೆ ಕೂರಿಸಿ, ಕುಂಡವನ್ನು ಒಂದು ತಟ್ಟೆಯಲ್ಲಿಟ್ಟರು. ತಟ್ಟೆಯಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ನೀರು ಸದಾ ಇರಬೇಕು. ಮೇಲಿನಿಂದ ಹುಯ್ಯುವಂತಿಲ್ಲ, ಅದೇ ಕೆಳಗಿನಿಂದ ಹೀರಿಕೊಳ್ಳಬೇಕು. ಜಾಗ ಅಡುಗೆಮನೆಯ ಪಕ್ಕದ ಸಣ್ಣ ಕಿಟಕಿ, ಬೆಳಿಗ್ಗೆ ಮಾತ್ರ ಬಿಸಿಲು. ಐದು ತಿಂಗಳಾದ ಮೇಲೆ ಮೊದಲ ಹೂವು ಬಂತು. ಆಮೇಲೆ ಅದಕ್ಕೆ ಬಿಡುವೇ ಇಲ್ಲ, ಒಂದು ಉದುರುವ ಮೊದಲೇ ಮತ್ತೊಂದು.

"ಮಹಾರಾಣಿಗೆ ಊಟ ಆಯ್ತಾ?" ಎಂದು ಅಮ್ಮ ಅಣಕಿಸುತ್ತಿದ್ದಳು. ನನಗೂ ಅದೊಂದು ಹುಚ್ಚಿನಂತೆಯೇ ಕಾಣುತ್ತಿತ್ತು. ಸಂಜೆ ಆರಕ್ಕೆ ಕಾಲು ಎಳೆದುಕೊಂಡು ಬರುವ ಹೆಂಗಸು ಚಪ್ಪಲಿ ಬಿಡುವ ಮೊದಲೇ ಕಿಟಕಿಯ ಬಳಿ ಹೋಗಬೇಕೇ? ಒಮ್ಮೆ ಕೇಳಿಯೇಬಿಟ್ಟೆ, ಇದರಲ್ಲಿ ಅಂಥದ್ದೇನಿದೆ ಎಂದು. ಅತ್ತೆ ಯೋಚಿಸಿ ಹೇಳಿದರು: "ನಾನು ತೊಳೆದ ಟ್ಯೂಬಿಂದ ಯಾರಿಗೆ ಒಳ್ಳೇದಾಯ್ತು ಅಂತ ನನಗೆ ಯಾವತ್ತೂ ಗೊತ್ತಾಗಿಲ್ಲ ಕಣೇ. ಇದು ನೋಡು, ಇದು ನನ್ನ ನೀರಲ್ಲೇ ನಿಂತಿರೋದು. ಕಣ್ಣಿಗೆ ಕಾಣುತ್ತೆ." ಹೀಗೆ ಏಳು ವರ್ಷ ನಡೆಯಿತು. ನಾನು ಕಾಲೇಜು ಮುಗಿಸಿ, ಇನ್ನೊಂದು ಪರೀಕ್ಷೆಗೆಂದು ಮನೆಯಲ್ಲೇ ಕೂತು ಓದುತ್ತಿದ್ದೆ.

ಅಷ್ಟರಲ್ಲಿ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಅದರ ಜೊತೆ ಪ್ಲಾಸ್ಟಿಕ್ ಟ್ಯೂಬುಗಳು, ಕಂಪನಿಯಿಂದಲೇ ಮುಚ್ಚಿ ಬರುವಂಥವು, ಒಂದು ಸಲ ಬಳಸಿ ಎಸೆಯುವಂಥವು. ಅತ್ತೆ ಒಂದನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. "ಇದರೊಳಗೆ ಬ್ರಷ್ಷೇ ಹೋಗಲ್ಲ" ಎಂದರು. ಅವರಿಗೆ ನಿವೃತ್ತಿಗೆ ಇನ್ನು ಎರಡು ತಿಂಗಳಿತ್ತು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅವರ ಜೊತೆ ಅವರ ಕೆಲಸಕ್ಕೂ ನಿವೃತ್ತಿಯಾಯಿತು.

ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಬೇಸಿಗೆಯ ಮೊದಲ ವಾರ. ವಿಭಾಗದ ಮೇಜುಗಳನ್ನು ಬದಿಗೆ ಸರಿಸಿ ಕುರ್ಚಿ ಹಾಕಿದ್ದರು. ಹಳೆಯ ಡಾಕ್ಟರು ಬೇರೆಡೆಗೆ ಹೋಗಿಯಾಗಿತ್ತು, ಹೊಸ ಮೇಡಂ, ಒಳ್ಳೆಯ ಹೆಂಗಸು, ಎರಡು ಮಾತಾಡಿ ಕೊನೆಗೆ ಅಕ್ಕರೆಯಿಂದ ಕೇಳಿದರು, "ಇಷ್ಟು ವರ್ಷ ಏನೂ ಕೇಳಿದವರಲ್ಲ ನೀವು. ಇವತ್ತು ಹೇಳಿ ಟ್ಯೂಬಕ್ಕ, ನಮ್ಮಿಂದ ಏನು ಬೇಕು?"

ಅತ್ತೆ ಎದ್ದು ನಿಂತರು. "ಮಳೆ ಬರೋವರೆಗೆ ವಾರಕ್ಕೊಂದು ಕ್ಯಾನ್ ಬಟ್ಟಿ ನೀರು ಕೊಟ್ರೆ ಸಾಕು ಮೇಡಂ."

ಇಡೀ ಕೋಣೆ ಗೊಳ್ಳೆಂದಿತು. "ನೋಡಿದ್ರಾ, ಹೋಗೋ ದಿನಾನೂ ನೀರಿಂದೇ ಧ್ಯಾನ!" ಎಂದು ಮೇಡಂ ಕಣ್ಣೊರೆಸಿಕೊಂಡು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಒಂದು ಗೋಡೆ ಗಡಿಯಾರ ಕೈಗಿಟ್ಟರು, ಇನ್ನು ಹೊತ್ತು ನೋಡಿ ಓಡಬೇಕಾದ ಅಗತ್ಯವೇ ಇಲ್ಲದವರಿಗೆ. ಅತ್ತೆ ಒಂದು ಕ್ಷಣ ಸುತ್ತ ನೋಡಿದರು, ಆಮೇಲೆ ತಾವೂ ನಕ್ಕು ಕೂತರು. ನಾನೂ ನಕ್ಕಿದ್ದೆ. ಅದು ತಮಾಷೆಯಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಆದರೂ ಎಲ್ಲರ ಜೊತೆ ನಕ್ಕೆ. ಆ ನಗು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮನೆಯಲ್ಲಿ ಕೂಡಿಟ್ಟಿದ್ದದ್ದು ಆರು ಬಾಟಲಿ. ಮಳೆಗೆ ಇನ್ನೂ ಮೂರು ತಿಂಗಳು. ಸೆಕೆಗೆ ತಟ್ಟೆಯ ನೀರು ಎರಡೇ ದಿನಕ್ಕೆ ಇಂಗುತ್ತಿತ್ತು. ಹದಿನೈದು ದಿನ ಕಳೆದ ಮೇಲೆ ಅತ್ತೆ ಮನಸ್ಸು ಗಟ್ಟಿ ಮಾಡಿಕೊಂಡು ಆಸ್ಪತ್ರೆಗೆ ಹೋದರು. ಅವರ ಕೋಣೆಯಲ್ಲಿ ಈಗ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರಂತೆ. ಗಾಜಿನ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕಿಯಾಗಿತ್ತು. ಹೊಸ ಯಂತ್ರಕ್ಕೆ ನೀರು ಕಂಪನಿಯಿಂದ ಸೀಲು ಮಾಡಿದ ಕ್ಯಾನಿನಲ್ಲಿ ಬರುತ್ತಿತ್ತು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕುವ ನೀರು ಸಿಗುತ್ತದೆ ಎಂದು ಅಪ್ಪ ಹೇಳಿದ. ಒಂದು ಕ್ಯಾನ್ ತಂದೂ ಕೊಟ್ಟ. ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಗಾಜಿನ ಪಟ್ಟಿ ತೆಗೆದು, ಅದರ ಮೇಲೆ ಒಂದು ಹನಿ ಇಟ್ಟು, ಒಲೆಯ ಶಾಖಕ್ಕೆ ಒಣಗಿಸಿ ನನಗೆ ತೋರಿಸಿದರು. ಹನಿ ಇದ್ದ ಕಡೆ ಬಿಳಿಯ ಉಂಗುರ. ಶುದ್ಧ ನೀರಾಗಿದ್ದರೆ ಏನೂ ಉಳಿಯಬಾರದು. ಅಪ್ಪ ಗ್ಯಾರೇಜಿಗೆ ಹೋಗಿ ದಬಾಯಿಸಿದರೆ ಮೆಕ್ಯಾನಿಕ್ ಒಂದಿಷ್ಟೂ ಅಳುಕದೆ, "ಬ್ಯಾಟರಿಗೇ ಗೊತ್ತಾಗಲ್ಲ ಸಾರ್, ಗಿಡಕ್ಕೆ ಗೊತ್ತಾಗುತ್ತಾ?" ಎಂದನಂತೆ.

ಅತ್ತೆ ನೀರನ್ನು ಚಮಚದ ಲೆಕ್ಕದಲ್ಲಿ ಕೊಡತೊಡಗಿದರು. ಹೂವು ನಿಂತಿತು. ಹಾವಸೆಯ ಅಂಚು ಕಂದಿತು. ಅವರ ಮೈಯೂ ಯಾಕೋ ಇಳಿಯಿತು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಐದೂವರೆಗೆ ಏಳುವರು, ಎದ್ದು ಏನು ಮಾಡುವುದೆಂದು ತಿಳಿಯದೆ ಇಡೀ ಮನೆ ಒರೆಸುವರು. ಮಧ್ಯಾಹ್ನ ಕುರ್ಚಿಯ ಅಂಚಿನಲ್ಲಿ ಕೂರುವರು, ಯಾರಾದರೂ ಕರೆದರೆ ತಕ್ಷಣ ಏಳಲು ಅನುಕೂಲವಾಗಲಿ ಎಂಬಂತೆ. ಬ್ಲೀಚಿಂಗ್ ಪುಡಿಗೆ ಬಿರಿದ ಬೆರಳುಗಳು ಮಾತ್ರ ನಿಧಾನವಾಗಿ ಮಾಯುತ್ತಿದ್ದವು.

ಇಷ್ಟರ ಮೇಲೆ ಅಮ್ಮನಿಗೆ ಮರುಕ ಹುಟ್ಟಿತು. ಅಮ್ಮನ ಮರುಕ ಯಾವಾಗಲೂ ಕೈಯಲ್ಲಿ ಪಾತ್ರೆ ಹಿಡಿದೇ ಬರುತ್ತದೆ. ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದ ಒಂದು ಬೆಳಿಗ್ಗೆ ಅವಳು ನಲ್ಲಿ ನೀರನ್ನು ಅರ್ಧ ಗಂಟೆ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ತಟ್ಟೆಯ ತುಂಬ ಹಾಕಿಟ್ಟಳು. ಅದರಿಂದ ಏನೂ ಆಗದೇನೋ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಓದಿದವಳು. ನಾಲ್ಕನೆಯ ದಿನ ಮರಳಿನ ಮೇಲೆ ಉಪ್ಪು ಬೆಳ್ಳಗೆ ಕೂತಿತ್ತು. ಎಳೆಗಳು ನೆಲ ಕಚ್ಚಿದ್ದವು.

"ಯಾರು ನೀರು ಹಾಕಿದ್ದು?" ಎಂದರು ಅತ್ತೆ.

"ನಾನೇ ಅತ್ತಿಗೆ. ಚೆನ್ನಾಗಿ ಕಾಯ್ಸಿ, ಆರ್ಸಿ, ಸೋಸಿನೇ ಹಾಕಿದ್ದು. ಎಳೇ ಮಗುಗೆ ಕೊಡೋ ಹಾಗೆ."

"ಕಾಯ್ಸಿದ್ರೆ ಉಪ್ಪು ಎಲ್ಲಿಗೆ ಹೋಗುತ್ತೆ?" ಅತ್ತೆಯ ದನಿ ಅಷ್ಟು ಏರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನೀರು ಆವಿಯಾಗಿ ಮೇಲೆ ಹೋಗುತ್ತೆ, ಉಪ್ಪೆಲ್ಲ ತಳದಲ್ಲೇ ಉಳಿಯುತ್ತೆ! ಆ ಆವೀನ ಹಿಡಿದು ತಣ್ಣಗೆ ಮಾಡಿದ್ರೆ ಅದು ಬಟ್ಟಿ ನೀರು. ನೀನು ತಳದ್ದನ್ನ ಹಾಕಿದೀಯ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡ್ಕೊಂಡು ಬಂದೆ. ಈ ಮನೇಲಿ ಒಬ್ರಾದ್ರೂ ಒಂದು ದಿನ ಕೇಳಿದೀರಾ, ಅಲ್ಲಿ ಹೋಗಿ ಏನು ಮಾಡ್ತೀಯ ಅಂತ?"

ಅಪ್ಪನ ಪೇಪರು ಕೆಳಗಿಳಿಯಿತು. ಅತ್ತೆ ಕುಂಡವನ್ನು ಎತ್ತಿ ಹಿತ್ತಿಲ ಬಾಗಿಲು ತೆಗೆದು, ಕಸದ ಡಬ್ಬಿಯ ಪಕ್ಕದ ಮೆಟ್ಟಿಲ ಮೇಲಿಟ್ಟು ಬಂದರು. "ಸಾಕು. ಸಾಯ್ಲಿ ಅದು. ನನಗೆ ಸಾಕಾಗಿದೆ" ಎಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಬಹಳ ದೂರದಿಂದ ಹೊರೆ ಹೊತ್ತು ಬಂದವರು ಮನೆ ಸಿಗುವ ಮೊದಲೇ ಅದನ್ನು ದಾರಿಯಲ್ಲಿ ಇಳಿಸಿದ ಹಾಗಿತ್ತು ಆ ಮಾತು.

ಮಾರನೆಯ ದಿನ ಕಸದ ಗಾಡಿ ಬಂದು ಹೋಯಿತು. ಅತ್ತೆ ಆ ಕಡೆ ನೋಡಲೂ ಇಲ್ಲ. ಆದರೆ ಗಾಡಿ ಬರುವ ಮೊದಲೇ ಕುಂಡವನ್ನು ಅಮ್ಮ ಒಳಗೆ ತಂದು ಬಚ್ಚಲಮನೆಯ ಗೂಡಿನಲ್ಲಿ, ಹಳೆಯ ಬಕೆಟ್ಟುಗಳ ಹಿಂದೆ ಬಚ್ಚಿಟ್ಟಿದ್ದಳು. ನನ್ನನ್ನು ಕರೆದು, "ಆವೀನ ಹಿಡಿಯೋದು ಹೇಗೆ ಅಂತ ನಿನ್ನ ಪುಸ್ತಕದಲ್ಲಿದ್ಯಾ?" ಎಂದು ಕೇಳಿದಳು. ಮುಖ ಊದಿಕೊಂಡಿತ್ತು. ನಾನು ಓದುವುದನ್ನು ಬದಿಗಿಟ್ಟೆ.

ಅತ್ತೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಬೀದಿಯ ಕೊನೆಯಲ್ಲಿದ್ದ ಸಾರ್ವಜನಿಕ ಓದುವ ಕೋಣೆಗೆ ಹೋಗಿ ಕೂರಲು ಶುರುಮಾಡಿದ್ದರು, ಮನೆಯಲ್ಲಿರಲಾರದೆ. ಆ ಎರಡು ಗಂಟೆ ನಮ್ಮ ಅಡುಗೆಮನೆ ಕಾರ್ಖಾನೆಯಾಗುತ್ತಿತ್ತು. ಕೆಟಲಿನಲ್ಲಿ ನೀರು ಕುದಿಸುವುದು, ಅದರ ಮೂತಿಯ ಎದುರಿಗೆ ದೊಡ್ಡ ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿಯುವುದು, ತಟ್ಟೆಯ ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿ ತಣ್ಣಗಿಡುವುದು, ತಟ್ಟೆಯ ಅಂಚಿನಿಂದ ತೊಟ್ಟಿಕ್ಕುವ ಹನಿಗಳನ್ನು ಬಟ್ಟಲಿನಲ್ಲಿ ಹಿಡಿಯುವುದು. ಎರಡು ಗಂಟೆಗೆ ಅರ್ಧ ಲೋಟ ಬಂದರೆ ಪುಣ್ಯ. ಅಮ್ಮ ಬೆವರಿನಲ್ಲಿ ತೊಯ್ದುಹೋಗುತ್ತಿದ್ದಳು. ಅವಳ ಮಣಿಕಟ್ಟಿಗೆ ಆವಿ ತಗುಲಿ ಬೊಬ್ಬೆ ಬಂತು.

ಮೊದಲ ದಿನದ ನೀರನ್ನು ಅತ್ತೆಯ ಗಾಜಿನ ಪಟ್ಟಿಯ ಮೇಲೆ ಒಣಗಿಸಿದೆ. ಉಂಗುರ ಬಂತು. ಕುದಿಯುವ ನೀರಿನ ತುಂತುರು ತಟ್ಟೆಗೆ ಸಿಡಿದಿತ್ತು. ತಟ್ಟೆಯನ್ನು ಮೇಲಕ್ಕೆ ಏರಿಸಿದೆವು. ಎರಡನೆಯ ದಿನವೂ ಉಂಗುರ, ಸ್ವಲ್ಪ ತೆಳ್ಳಗೆ. ತಟ್ಟೆಯಲ್ಲಿ ಸೋಪಿನ ಅಂಶ ಇರಬಹುದೆಂದು ನಾನು ಅಂದೆ. ಅಮ್ಮ ಒಂದು ಕ್ಷಣ ನನ್ನನ್ನು ಸುಡುವ ಹಾಗೆ ನೋಡಿದಳು. ಆಮೇಲೆ ತಟ್ಟೆಯನ್ನೂ ಬಟ್ಟಲನ್ನೂ ತೆಗೆದುಕೊಂಡು ಹೋಗಿ ಜಾಲಿಸತೊಡಗಿದಳು. ಎಷ್ಟು ಸಲ ಎಂದು ಅವಳ ತುಟಿ ಎಣಿಸುತ್ತಿತ್ತು. ಮೂರನೆಯ ದಿನದ ನೀರು ಪರವಾಗಿಲ್ಲ ಅನ್ನಿಸಿತು, ಆದರೆ ಅಮ್ಮನಿಗೆ ನನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. "ನಿನಗೇನು ಗೊತ್ತು, ನೀನು ಕನ್ನಡಕದವಳು" ಎಂದಳು. ಆ ನೀರು ಗಿಡಕ್ಕೆ ಹೋಗಲಿಲ್ಲ.

ಗಿಡ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಯಾರನ್ನೂ ಕಾಯಿಸುವ ಆಸೆ ನನಗಿಲ್ಲ. ಅದರಲ್ಲಿ ಉಗುರಿನಷ್ಟಗಲದ ಒಂದು ಹಸಿರು ಚುಕ್ಕೆ ಮಾತ್ರ ಉಳಿದಿತ್ತು. ಅದು ಮಳೆಯವರೆಗೆ ಬದುಕಿತು. ಮಳೆ ಬಿದ್ದ ಎರಡು ತಿಂಗಳಿಗೆ ಮೂರು ಹೂವು ಬಿಟ್ಟಿತು. ನಾನು ಹೇಳಬೇಕೆಂದು ಹೊರಟದ್ದು ಅದನ್ನಲ್ಲ, ನಾಲ್ಕನೆಯ ದಿನದ ಮಾತನ್ನು.

ಆ ದಿ‌ನ ಓದುವ ಕೋಣೆಗೆ ಬೀಗ ಹಾಕಿದ್ದರಿಂದ ಅತ್ತೆ ಅರ್ಧ ಗಂಟೆಯಲ್ಲೇ ಹಿಂತಿರುಗಿದರು. ನಾವಿಬ್ಬರೂ ಒಲೆಯ ಮುಂದೆ ಇದ್ದೆವು. ಅಮ್ಮನ ಎರಡೂ ಕೈಯಲ್ಲಿ ತಟ್ಟೆ, ಕೂದಲೆಲ್ಲ ಹಣೆಗೆ ಅಂಟಿತ್ತು. ಬಾಗಿಲಲ್ಲಿ ಅತ್ತೆಯನ್ನು ಕಂಡು ತಟ್ಟೆ ಇಳಿಸಲೂ ಆಗದೆ, ಹಿಡಿಯಲೂ ಆಗದೆ ಹಾಗೇ ನಿಂತಳು. ಪಕ್ಕದಲ್ಲೇ ಆ ಕುಂಡವೂ ಇತ್ತು.

"ಇದೇನಿದು?" ಎಂದರು ಅತ್ತೆ.

"ಗ್ಯಾರೇಜಿಂದು ಮೋಸ ಅಂದ್ರಿ. ಆಸ್ಪತ್ರೇಲಿ ಇಲ್ಲ ಅಂದ್ರಿ. ನಾನು ಮಾಡಿದ್ದು ತಪ್ಪು ಅಂದ್ರಿ" ಎಂದಳು ಅಮ್ಮ. "ಮತ್ತೆ ಇನ್ನೇನು ಮಾಡ್ಲಿ ಅತ್ತಿಗೆ? ನನ್ನ ಕೈಯಿಂದ ಸಾಯ್ತು ಅಂತ ಇರ್ಲಾ ಜೀವನಪೂರ್ತಿ?"

ಅತ್ತೆ ಒಳಗೆ ಬಂದರು. ನನ್ನ ಕೈಯಿಂದ ಗಾಜಿನ ಪಟ್ಟಿ ತೆಗೆದುಕೊಂಡರು, ಬಟ್ಟಲಿನಿಂದ ಒಂದು ಹನಿ ಅದರ ಮೇಲಿಟ್ಟರು, ಒಲೆಯಿಂದ ಎತ್ತರದಲ್ಲಿ ಹಿಡಿದು ಮೆಲ್ಲಗೆ ಒಣಗಿಸಿದರು. ಕಿಟಕಿಯ ಬಳಿ ಹೋಗಿ ಹೀಗೂ ಹಾಗೂ ತಿರುಗಿಸಿ ನೋಡಿದರು. ಇಪ್ಪತ್ತಾರು ವರ್ಷ ಆ ಕಿಟಕಿಯಲ್ಲಿ ಅಮ್ಮ ಪಾಸಾದದ್ದೇ ಇಲ್ಲ.

"ಏನೂ ಉಳಿದಿಲ್ಲ" ಎಂದರು ಅತ್ತೆ.

"ಅಂದ್ರೆ?"

"ಅಂದ್ರೆ ಶುದ್ಧವಾಗಿದೆ. ನಮ್ಮ ಯಂತ್ರದಲ್ಲೂ ಎಷ್ಟೋ ಸಲ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ." ಅಷ್ಟು ಹೇಳಿ ಅವರು ಅಮ್ಮನ ಮಣಿಕಟ್ಟಿನ ಬೊಬ್ಬೆಯನ್ನು ನೋಡಿದರು. ಅವರ ಕಣ್ಣು ತುಂಬಿತು. "ಕೊಡು ಇಲ್ಲಿ, ಬಟ್ಟೆ ಬದಲಾಯಿಸ್ಬೇಕು, ಬಿಸಿಯಾಗಿದೆ. ನಾನು ಹಿಡೀತೀನಿ" ಎಂದು ತಟ್ಟೆಗೆ ಕೈ ಚಾಚಿದರು.

ಅಮ್ಮ ಕೊಡಲಿಲ್ಲ. ಮೊಣಕೈಯಿಂದಲೇ ಅವರನ್ನು ಪಕ್ಕಕ್ಕೆ ಸರಿಸಿದಳು. "ನೀವು ಹೋಗಿ ಮಲ್ಕೊಳ್ಳಿ."

"ಏನು?"

"ಮಲ್ಕೊಳ್ಳಿ ಅತ್ತಿಗೆ. ಗಿಡದ ತಟ್ಟೆ ತುಂಬೋಕೆ ಸಂಜೆ ಆಗುತ್ತೆ. ನೀವು ನಿಂತು ಏನು ಮಾಡ್ಬೇಕು? ನಾನಿದೀನಲ್ಲ."

ಅತ್ತೆ ಗಾಜಿನ ಪಟ್ಟಿಯನ್ನು ಒರೆಸಿ ನನ್ನ ಕೈಗೆ ಕೊಟ್ಟು ತಮ್ಮ ಕೋಣೆಗೆ ಹೋದರು. ಮಂಚ ಕಿರುಗುಟ್ಟಿದ್ದು ಕೇಳಿಸಿತು. ಊಟದ ಹೊತ್ತಿಗೆ ಹೋಗಿ ಇಣುಕಿದೆ. ಮೊಣಕಾಲು ಎದೆಗೆ ಎಳೆದುಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ಎಬ್ಬಿಸಬೇಡ ಎಂದು ಅಮ್ಮ ಸನ್ನೆ ಮಾಡಿದಳು. ಮಧ್ಯಾಹ್ನವೆಲ್ಲ ನಾವಿಬ್ಬರೂ ಸರದಿಯಲ್ಲಿ ತಟ್ಟೆ ಹಿಡಿದೆವು.

ಐದು ಗಂಟೆಗೆ ಅಪ್ಪ ಕೆಲಸದಿಂದ ಬಂದ. ಅಕ್ಕನ ಕೋಣೆಯ ಮುಂದೆ ಹಾದುಹೋದವನು ಥಟ್ಟನೆ ನಿಂತ. ಚೀಲ ಕೈಯಿಂದ ಜಾರಿ ಬಿತ್ತು. ಮುಖ ಬಿಳಿಚಿಕೊಂಡು ಅಡುಗೆಮನೆಗೆ ಓಡಿ ಬಂದು, "ಅಕ್ಕನಿಗೆ ಏನಾಯ್ತು? ಡಾಕ್ಟರಿಗೆ ಹೇಳಿ ಕಳಿಸಿದ್ರಾ?" ಎಂದ.

"ಏನೂ ಆಗಿಲ್ಲ. ಮಲಗಿದಾರೆ, ಅಷ್ಟೇ" ಎಂದಳು ಅಮ್ಮ.

ಅಪ್ಪ ನಂಬಲಿಲ್ಲ. ಮತ್ತೆ ಹೋಗಿ ಬಾಗಿಲಲ್ಲಿ ನಿಂತು ಅತ್ತೆಯ ಉಸಿರು ಏರಿಳಿಯುವುದನ್ನು ಬಹಳ ಹೊತ್ತು ನೋಡಿದ. ಅವನಿಗೆ ಆಗ ಐವತ್ತೊಂದು ವರ್ಷ. ಹಗಲು ಹೊತ್ತಿನಲ್ಲಿ ತನ್ನ ಅಕ್ಕ ಮಲಗಿದ್ದನ್ನು ಅವನು ಅದೇ ಮೊದಲ ಸಲ ನೋಡಿದ್ದ.